ಭಾರತ ಮತ್ತು ವಿಯೆಟ್ನಾಂ: ಬೆಳೆಗಾರರಿಗೆ ಒಂದು ಹೋಲಿಕೆಯ ಪಾಠ



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರಗಳು ಮಂಜೂರಾದ ಮೇಲೆ ಹಿಂದಿನ ಸಾಲಿನಲ್ಲಿದ್ದ ಸದಸ್ಯರೊಬ್ಬರು ಎದ್ದು ನಿಂತು, "ವಿಯೆಟ್ನಾಮಿನವ ಎಕರೆಗೆ ನಮ್ಮ ಎರಡರಷ್ಟು ಕಾಫಿ ತೆಗೀತಾನಂತಲ್ಲ, ಹಾಗಾದರೆ ನಾವು ಯಾಕೆ ಈ ನೆರಳು ಹೊತ್ಕೊಂಡು ಕೂತಿರೋದು?" ಎಂದು ಕೇಳಿದರು. ಸಭೆ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಕಾಫಿಗೆ ಒಳ್ಳೆಯ ಬೆಲೆ ಬಂದಾಗಲೆಲ್ಲ ನಮ್ಮಲ್ಲಿ ಮರ ಕಡಿಸುವ ಮಾತು ಏಳುತ್ತದೆ. ಒಮ್ಮೆ ಕಡಿದ ಮರವನ್ನು ಮತ್ತೆ ನಿಲ್ಲಿಸಲು ಇಪ್ಪತ್ತು ವರ್ಷ ಬೇಕು. ಆದ್ದರಿಂದ ಆ ದಿನ ಎರಡು ಮಾತಿನಲ್ಲಿ ಹೇಳಿ ಮುಗಿಸಿದ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಈ ಹೋಲಿಕೆಯಲ್ಲಿ ಬೀದರ್ ಜಿಲ್ಲೆಯ ಬೇಮಳಖೇಡ ಎಂಬ ಊರಿನ ಹೆಸರೂ ಬರುತ್ತದೆ. ಕಾಫಿಯೂ ಅಡಿಕೆಯೂ ಇಲ್ಲದ ಆ ಊರು ಇಲ್ಲೇಕೆ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ಬೆಳೆಯ ಲೆಕ್ಕ

ಮೊದಲು ಅಂಕಿಗಳನ್ನು ನೋಡೋಣ. 1990ರ ಸುಮಾರಿಗೆ ಭಾರತ ವರ್ಷಕ್ಕೆ 1 ಲಕ್ಷ 70 ಸಾವಿರ ಟನ್ನಿನಷ್ಟು ಕಾಫಿ ಬೆಳೆಯುತ್ತಿತ್ತು. ವಿಯೆಟ್ನಾಂ ಆಗ 1 ಲಕ್ಷ ಟನ್ನನ್ನೂ ಮುಟ್ಟಿರಲಿಲ್ಲ. ಹತ್ತೇ ವರ್ಷಗಳಲ್ಲಿ, 2000ದ ವೇಳೆಗೆ, ಅವರು ಸುಮಾರು 8 ಲಕ್ಷ ಟನ್ನಿಗೆ ಏರಿದರು; ನಾವು 3 ಲಕ್ಷಕ್ಕೆ ಬಂದೆವು. ಈಗ ನಮ್ಮ ದೇಶದ ಬೆಳೆ ಸುಮಾರು ಮೂರೂವರೆ ಲಕ್ಷ ಟನ್. ಅದರಲ್ಲಿ 100ಕ್ಕೆ 70ರಷ್ಟು ಪಾಲು ಕರ್ನಾಟಕದ್ದು. ವಿಯೆಟ್ನಾಮಿನ ಬೆಳೆ 16ರಿಂದ 18 ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದು, ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅವರೇ ಎರಡನೆಯವರು. ಬೆಳೆಯುವುದು ಬಹುಪಾಲು ರೋಬಸ್ಟಾ.

ಇಳುವರಿಯಲ್ಲಿಯೂ ಇದೇ ಅಂತರ. ನಮ್ಮ ರೋಬಸ್ಟಾ ಹೆಕ್ಟೇರಿಗೆ ಸರಾಸರಿ 1,100 ಕಿಲೋ ಕೊಟ್ಟರೆ ಅವರದು 2,500 ಕಿಲೋ ದಾಟುತ್ತದೆ. ಎಂದರೆ ಎಕರೆಗೆ ನಮ್ಮದು 450 ಕಿಲೋ, ಅವರದು ಸಾವಿರ ಕಿಲೋ. ಸದಸ್ಯರು ಕೇಳಿದ ಮಾತು ಸುಳ್ಳಲ್ಲ. ಅದರಲ್ಲೂ ಅವರು ದೊಡ್ಡ ಎಸ್ಟೇಟಿನ ಒಡೆಯರಲ್ಲ. ಹೆಚ್ಚಿನವರು 2 ಹೆಕ್ಟೇರಿಗಿಂತ ಕಡಿಮೆ ನೆಲದಲ್ಲಿ ಮನೆಮಂದಿಯೇ ದುಡಿಯುವ ಸಣ್ಣ ರೈತರು, ನಮ್ಮಂಥವರೇ.

ನೆಲ ಕೈಗೆ ಬಂದ ಬಗೆ

ಇಷ್ಟು ಬೇಗ ಇದು ಹೇಗಾಯಿತು? ಗೊಬ್ಬರ, ನೀರು ಎಂದು ಹೇಳಿ ಮುಗಿಸಿದರೆ ಅರ್ಧ ಉತ್ತರವಾಗುತ್ತದೆ. ಉಳಿದರ್ಧ ಆ ದೇಶದ ಚರಿತ್ರೆಯಲ್ಲಿದೆ.

1975ರಲ್ಲಿ ದೀರ್ಘ ಯುದ್ಧ ಮುಗಿದು ಉತ್ತರ, ದಕ್ಷಿಣ ವಿಯೆಟ್ನಾಂ ಒಂದಾದಾಗ ದೇಶ ಬಡವಾಗಿತ್ತು. ಸರ್ಕಾರ ರೈತರ ನೆಲವನ್ನು ಸಾಮೂಹಿಕ ಬೇಸಾಯದ ಸಂಘಗಳಿಗೆ ಸೇರಿಸಲು ಹೊರಟಿತು. ಹೆಸರು ಸಹಕಾರ, ನಡೆದದ್ದು ಹುಕುಂ. ಎಷ್ಟು ದುಡಿದರೂ ಪಾಲು ಅಷ್ಟೇ ಎಂದಾದ ಮೇಲೆ ಯಾರು ಮೈಮುರಿದು ದುಡಿಯುತ್ತಾರೆ? ಭತ್ತದ ನಾಡಾದರೂ ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ಹಣದುಬ್ಬರ ವರ್ಷಕ್ಕೆ ನೂರಾರು ಪಾಲು ಏರಿತು. 1986ರಲ್ಲಿ ಆಳುವ ಪಕ್ಷ 'ದೊಯ್ ಮೊಯ್', ಎಂದರೆ ನವೀಕರಣ, ಎಂಬ ನೀತಿಯನ್ನು ಸ್ವೀಕರಿಸಿತು. 1988ರಲ್ಲಿ ನೆಲವನ್ನು ಕುಟುಂಬಗಳಿಗೆ ಗುತ್ತಿಗೆಯಾಗಿ ಹಂಚುವ ತೀರ್ಮಾನವಾಯಿತು. 1993ರ ಭೂಕಾನೂನು ದೀರ್ಘಾವಧಿ ಬೆಳೆಗಳಿಗೆ 50 ವರ್ಷಗಳ ಅನುಭೋಗದ ಹಕ್ಕನ್ನು ಕೊಟ್ಟಿತು. ಒಡೆತನ ಇಂದಿಗೂ ಸರ್ಕಾರದ ಕೈಯಲ್ಲೇ ಇದೆ. ಆದರೆ ಬಳಸುವ ಹಕ್ಕನ್ನು ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು. ತೀರ್ಮಾನವಾದ ಮರುವರ್ಷ, 1989ರಲ್ಲಿ, ಅದೇ ದೇಶ ಅಕ್ಕಿ ರಫ್ತು ಮಾಡಿತು.

ಉತ್ತರದ ಕಿಕ್ಕಿರಿದ ನದೀಮುಖಜ ಭೂಮಿಯಿಂದ ಲಕ್ಷಾಂತರ ಜನ ಮಧ್ಯದ ಎತ್ತರದ ಪ್ರದೇಶಕ್ಕೆ, ಡಾಕ್ ಲಾಕ್, ಗಿಯಾ ಲಾಯ್ ಮುಂತಾದ ಪ್ರಾಂತಗಳಿಗೆ ಹೋಗಿ ನೆಲೆಸಿದರು. ಕೆಲವರನ್ನು ಸರ್ಕಾರವೇ ಕಳಿಸಿತು, ಉಳಿದವರು ತಾವಾಗಿ ಹೋದರು. ಅಲ್ಲಿ ಕಾಫಿ ನೆಟ್ಟರು.

ನಮ್ಮ ದಾರಿ ಬೇರೆ. 1942ರ ಕಾನೂನಿನಿಂದ ಬಲಗೊಂಡ ಕಾಫಿ ಮಂಡಳಿ ದಶಕಗಳ ಕಾಲ ಬೆಳೆಯನ್ನೆಲ್ಲ ಒಟ್ಟು ಮಾಡಿ ಮಾರಿತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ಣ ಮುಕ್ತವಾಯಿತು. ನಮ್ಮ ನೆಲ ನಮ್ಮ ಹೆಸರಿನಲ್ಲಿದೆ. ಪಹಣಿ ನಮ್ಮದು, ವ್ಯಾಜ್ಯ ಬಂದರೆ ನ್ಯಾಯಾಲಯ ಇದೆ.

ಜನಜೀವನ

1990ರ ಸುಮಾರಿಗೆ ವಿಯೆಟ್ನಾಮಿನ ತಲಾ ಆದಾಯ ಭಾರತಕ್ಕಿಂತ ಎಷ್ಟೋ ಕಡಿಮೆ ಇತ್ತು. 2023ರಲ್ಲಿ ಅವರದು ಸುಮಾರು 4,300 ಡಾಲರು, ನಮ್ಮದು ಸುಮಾರು 2,500 ಡಾಲರು. ಅಲ್ಲಿನ ಅಳತೆಯ ಪ್ರಕಾರ 1993ರಲ್ಲಿ 100ಕ್ಕೆ 58 ಜನ ಬಡವರಿದ್ದರು. 2008ರ ವೇಳೆಗೆ 15ಕ್ಕಿಂತ ಕಡಿಮೆಯಾದರು.

ಇದು ಕಾಫಿಯೊಂದರಿಂದ ಆದದ್ದಲ್ಲ. ಕಾರ್ಖಾನೆಗಳ ಪಾಲು ದೊಡ್ಡದು. ಆದರೆ ಕಾರ್ಖಾನೆ ಬರುವುದಕ್ಕೆ ಮುಂಚೆಯೇ ಅಲ್ಲಿ ಶಾಲೆ ಇತ್ತು ಎಂಬುದನ್ನು ನಾವು ಗಮನಿಸಬೇಕು. ಬಡತನದ ಕಾಲದಲ್ಲೂ ಅವರು ಹೆಣ್ಣು ಮಕ್ಕಳನ್ನೂ ಸೇರಿಸಿ ಎಲ್ಲರಿಗೂ ಅಕ್ಷರ ಕಲಿಸಿದರು. ಈಗ ವಯಸ್ಕರಲ್ಲಿ 100ಕ್ಕೆ 95ಕ್ಕೂ ಹೆಚ್ಚು ಮಂದಿ ಓದುಬರಹ ಬಲ್ಲವರು. ನಮ್ಮಲ್ಲಿ 2011ರ ಜನಗಣತಿಯಲ್ಲಿ ಕಂಡದ್ದು 74. ಹದಿನೈದು ವಯಸ್ಸಿನ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆಸುವ ಪೀಸಾ ಪರೀಕ್ಷೆಯಲ್ಲಿ ವಿಯೆಟ್ನಾಮಿನ ಮಕ್ಕಳು 2012ರಲ್ಲಿ ಗಣಿತದಲ್ಲಿ ಅಮೆರಿಕದ ಮಕ್ಕಳನ್ನು ಮೀರಿಸಿದರು. ಹೆಂಗಸರು ಹೊಲ, ಕಾರ್ಖಾನೆ, ಅಂಗಡಿಗಳಲ್ಲಿ ಗಂಡಸರಿಗೆ ಬಹುಮಟ್ಟಿಗೆ ಸರಿಸಮನಾಗಿ ದುಡಿಯುತ್ತಾರೆ.

ಇನ್ನೊಂದು ಮಗ್ಗುಲೂ ಇದೆ. ಅಲ್ಲಿ ಒಂದೇ ಪಕ್ಷದ ಆಳ್ವಿಕೆ. ಸರ್ಕಾರವನ್ನು ಟೀಕಿಸುವ ಸ್ವತಂತ್ರ ಪತ್ರಿಕೆ ಇಲ್ಲ. ಪಕ್ಷದ ನೆರಳಿನಾಚೆ ರೈತರು ತಮ್ಮದೇ ಸಂಘಟನೆ ಕಟ್ಟಿಕೊಂಡು ಬೀದಿಗಿಳಿಯುವಂತಿಲ್ಲ. ನಮ್ಮಲ್ಲಿ ಮಹಾಸಭೆಯಲ್ಲಿ ಎದ್ದು ನಿಂತು ಕಾರ್ಯದರ್ಶಿಯನ್ನೇ ಪ್ರಶ್ನಿಸಬಹುದು. ಇದನ್ನು ಡಾಲರಿನಲ್ಲಿ ಅಳೆಯಲಾಗದು, ಆದರೂ ಜೀವನಮಟ್ಟದ ಲೆಕ್ಕಕ್ಕೆ ಸೇರಬೇಕಾದದ್ದೇ.

ಬೇಮಳಖೇಡವನ್ನು ಲೆಕ್ಕಕ್ಕೆ ತೆಗೆದುಕೊಂಡರೆ

'ಭಾರತದ ಸರಾಸರಿ' ಎಂದು ಬರೆಯುವಾಗ ಒಂದು ಎಚ್ಚರ ಬೇಕು. ನಾವು ಮಲೆನಾಡಿನವರು ನಮ್ಮ ತೋಟವನ್ನೇ ಭಾರತ ಎಂದುಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಕೆಲವರು ಬೀದರ್ ಜಿಲ್ಲೆಯ ಸ್ವಸಹಾಯ ಸಂಘಗಳ ಕೆಲಸ ನೋಡಲು ಹೋಗಿದ್ದಾಗ ಹುಮನಾಬಾದ್ ಕಡೆಯ ಬೇಮಳಖೇಡದಲ್ಲಿ ಒಂದು ದಿನ ಇದ್ದೆವು. ತೊಗರಿ, ಉದ್ದು, ಹೆಸರು, ಸೋಯಾ, ಜೋಳ ಅಲ್ಲಿನ ಬೆಳೆಗಳು. ಆ ಭಾಗದ ಜಂಬಿಟ್ಟಿಗೆಯ ಕೆಮ್ಮಣ್ಣೂ ಡಾಕ್ ಲಾಕ್‌ನ ಕೆಮ್ಮಣ್ಣೂ ಹುಟ್ಟಿದ್ದು ಒಂದೇ ಜಾತಿಯ ಕಲ್ಲಿನಿಂದ, ಹಳೆಯ ಲಾವಾ ಹೆಪ್ಪುಗಟ್ಟಿದ ಬಸಾಲ್ಟಿನಿಂದ. ಆದರೆ ಡಾಕ್ ಲಾಕ್‌ಗೆ ಬೀಳುವ ಮಳೆಯ ಅರ್ಧದಷ್ಟೂ ಬೀದರಿಗೆ ಖಚಿತವಿಲ್ಲ. ಊರಿನ ಹಿರಿಯರೊಬ್ಬರು ನಮಗೆ ಚಹಾ ಕೊಡುತ್ತ, "ನಿಮ್ಮ ಕಡಿ ಮಳಿ ಬರ್ತದ, ನಮ್ಮ ಕಡಿ ಮಳಿ ಹಾದು ಹೋಗ್ತದ್ರಿ" ಎಂದರು.

2011ರ ಜನಗಣತಿಯಂತೆ ಕೊಡಗಿನ ಸಾಕ್ಷರತೆ 82.6, ಬೀದರ್ ಜಿಲ್ಲೆಯದು 70.5. ತಲಾ ಆದಾಯದಲ್ಲಿ ಬೀದರ್ ರಾಜ್ಯದ ಕೆಳಗಿನ ಸಾಲಿನ ಜಿಲ್ಲೆಗಳಲ್ಲಿದೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು 1956ರಲ್ಲಿ ನಮ್ಮ ರಾಜ್ಯಕ್ಕೆ ಸೇರಿದ ಆ ಭಾಗ ಹಿಂದುಳಿದಿದೆ ಎಂಬುದನ್ನು 2002ರಲ್ಲಿ ನಂಜುಂಡಪ್ಪ ಸಮಿತಿ ಅಂಕಿಅಂಶಗಳ ಸಮೇತ ಹೇಳಿತು. 2012ರ ಸಂವಿಧಾನ ತಿದ್ದುಪಡಿ ಕಾಯ್ದೆಯಿಂದ 371(ಜೆ) ವಿಧಿ ಬಂದದ್ದೂ ಈ ಅಂತರವನ್ನು ತುಂಬುವುದಕ್ಕಾಗಿಯೇ. ಎಂದರೆ ಒಂದೇ ರಾಜ್ಯದೊಳಗೆ ಎರಡು ನಾಡುಗಳಿವೆ.

ಇಲ್ಲಿ ಎರಡು ದೇಶಗಳ ವ್ಯತ್ಯಾಸ ಎದ್ದು ಕಾಣುತ್ತದೆ. ವಿಯೆಟ್ನಾಮಿನಲ್ಲಿ ಊರು ಬಿಟ್ಟು ಹೊರಟ ಬಡ ರೈತ ಒಂದೆರಡು ಹೆಕ್ಟೇರು ಕಾಫಿಯ ಯಜಮಾನನಾದ. ಮಳೆ ಕೈಕೊಟ್ಟ ವರ್ಷ ಬೀದರಿನಿಂದ ಹೊರಟ ರೈತ ಹೈದರಾಬಾದು, ಪುಣೆ, ಮುಂಬಯಿಯಲ್ಲಿ ಕೂಲಿಯಾಗುತ್ತಾನೆ. ದೂರದಿಂದ ನಮ್ಮ ತೋಟಗಳಿಗೆ ಕೊಯ್ಲಿಗೆ ಬರುವವರ ಕಥೆಯೂ ಅದೇ. ಅವರ ಮಕ್ಕಳು ಲೈನ್ ಮನೆಯಿಂದ ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ನಾವು ಎಷ್ಟು ಮಂದಿ ವಿಚಾರಿಸಿದ್ದೇವೆ? ವಿಯೆಟ್ನಾಮಿನಿಂದ ಮೊದಲು ಕಲಿಯಬೇಕಾದ ಪಾಠ ಇದು, ನೆರಳು ತೆಗೆಯುವುದಲ್ಲ.

ಬೀದರಿನಿಂದ ಕಲಿಯುವುದೂ ಇದೆ. ಅಲ್ಲಿನ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು 1990ರ ದಶಕದಿಂದ ಪ್ರಾಥಮಿಕ ಸಂಘಗಳ ಮೂಲಕ ಬಡ ಹೆಂಗಸರ ಸ್ವಸಹಾಯ ಗುಂಪುಗಳಿಗೆ ಸಾಲ ಕೊಟ್ಟು ದೇಶಕ್ಕೇ ಮಾದರಿ ಎನಿಸಿತು. ಹುಕುಮಿನ ಸಹಕಾರ ವಿಯೆಟ್ನಾಮಿನಲ್ಲಿ ಮುರಿದುಬಿತ್ತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಸೇರಿಸಿ ಆರಂಭಿಸಿದ ಮನಸ್ಸಿನ ಸಹಕಾರ ಇಂದಿಗೂ ನಮ್ಮ ನಾಡಿನಲ್ಲಿ ಉಸಿರಾಡುತ್ತಿದೆ.

ಅವರು ತೆತ್ತ ಬೆಲೆ

ಇನ್ನು ನೆರಳಿನ ಪ್ರಶ್ನೆಗೆ ಬರೋಣ. ಡಾಕ್ ಲಾಕ್‌ನ ರೈತ ಬಿಸಿಲಿನಲ್ಲೇ ಗಿಡ ಬೆಳೆಸಿ, ಗೊಬ್ಬರ ಧಾರಾಳವಾಗಿ ಸುರಿದು, ಬೇಸಗೆಯಲ್ಲಿ ಬಾವಿಯಿಂದ ಪೈಪಿನಲ್ಲಿ ನೀರೆತ್ತಿ ಪ್ರತಿ ಗಿಡದ ಪಾತಿಗೂ ಮೂರು ನಾಲ್ಕು ಸಲ ತುಂಬಿಸಿದ. ಗಿಡಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚು ನೀರು ಹೋಗುತ್ತಿದೆ ಎಂದು ಅಲ್ಲಿನ ಸಂಶೋಧಕರೇ ಎಚ್ಚರಿಸಿದರು. ಕಾಡು ಹೋಯಿತು, ಬಾವಿಗಳ ನೀರು ಆಳಕ್ಕಿಳಿಯಿತು. 2016ರ ಬರಗಾಲದಲ್ಲಿ ನೀರಿಲ್ಲದೆ ತೋಟಗಳು ಒಣಗಿದವು. ಆ ನೆಲದ ಮೂಲನಿವಾಸಿಗಳಾದ ಎಡೆ, ಜರಾಯ್ ಜನ ತಮ್ಮ ಭೂಮಿಯಲ್ಲೇ ಅಲ್ಪಸಂಖ್ಯಾತರಾದರು. 2001 ಮತ್ತು 2004ರಲ್ಲಿ ಅವರು ಪ್ರತಿಭಟನೆಗಿಳಿದಾಗ ಸರ್ಕಾರ ಬಲಪ್ರಯೋಗದಿಂದ ಹತ್ತಿಕ್ಕಿತು.

ಪೇಟೆಯೂ ಪೆಟ್ಟು ಕೊಟ್ಟಿತು. ದೇಶದೇಶಗಳ ನಡುವೆ ಇದ್ದ ಕಾಫಿ ಕೋಟಾ ಒಪ್ಪಂದ 1989ರಲ್ಲಿ ಮುರಿದುಬಿದ್ದಿತ್ತು. 'ಸಾಕು' ಎನ್ನುವವರು ಯಾರೂ ಇಲ್ಲದೆ ಎಲ್ಲರೂ ಒಟ್ಟಿಗೆ ನೆಟ್ಟರು. 2001ರಲ್ಲಿ ಜಗತ್ತಿನ ಕಾಫಿ ಬೆಲೆ ಪಾತಾಳಕ್ಕೆ ಇಳಿದಾಗ ಅವರೂ ನರಳಿದರು, ನಾವೂ ನರಳಿದೆವು. ಆ ವರ್ಷಗಳ ಸಾಲ ನಮ್ಮ ಸದಸ್ಯರಿಗೆ ಮರೆತಿರಲಾರದು. ಕಾಳುಮೆಣಸಿನಲ್ಲಿ ಇದೇ ಕಥೆ ಮರುಕಳಿಸಿತು. 2015ರ ನಂತರ ಬೆಲೆ ಕುಸಿದು, ಬಳ್ಳಿಗಳಿಗೆ ರೋಗ ಬಡಿದು ಗಿಯಾ ಲಾಯ್‌ನ ಅನೇಕ ಮೆಣಸು ಬೆಳೆಗಾರರು ಸಾಲದಲ್ಲಿ ಮುಳುಗಿದರು. ಅಗ್ಗದ ಮೆಣಸು ಇಲ್ಲಿಗೂ ಹರಿದು ಬಂದು, 2017ರ ಡಿಸೆಂಬರಿನಲ್ಲಿ ನಮ್ಮ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಬೇಕಾಯಿತು. ಮುಂದೆ ಅಲ್ಲಿನ ಎಷ್ಟೋ ರೈತರು ಕಾಫಿ ಕಿತ್ತು ಚೀನಾ ಪೇಟೆಗಾಗಿ ಡುರಿಯನ್ ಹಣ್ಣು ಹಾಕಿದರು. ಅದೂ ಬರವೂ ಸೇರಿ ಕಾಫಿ ಕಡಿಮೆಯಾಗಿ, 2024ರಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರು ದಾಟಿತು. ನಾವು ಕಂಡ ಆ ಒಳ್ಳೆಯ ಬೆಲೆ ಬಹುಮಟ್ಟಿಗೆ ಅವರ ಕಷ್ಟದ ಫಲ ಎಂಬುದನ್ನು ಮರೆಯಬಾರದು.

ನಮ್ಮ ನೆಲಕ್ಕೆ ಯಾವುದು ಸಲ್ಲುತ್ತದೆ?

ಡಾಕ್ ಲಾಕ್ ಬಹುಮಟ್ಟಿಗೆ ತೆರೆದ ಎತ್ತರದ ಬಯಲು. ನಮ್ಮದು ಇಳಿಜಾರು, ಮೂರು ತಿಂಗಳ ಮುಂಗಾರಿನಲ್ಲಿ ನೂರಾರು ಅಂಗುಲ ಸುರಿಯುವ ಜಾಗಗಳೂ ಇವೆ. ನಮ್ಮ ಬೆಟ್ಟ ಎಷ್ಟು ಸೂಕ್ಷ್ಮ ಎಂಬುದನ್ನು 2018ರ ಆಗಸ್ಟಿನಲ್ಲಿ ಕೊಡಗು ತೋರಿಸಿಕೊಟ್ಟಿದೆ. ಮರದ ಬೇರು, ತರಗೆಲೆಯ ಹೊದಿಕೆ ಹೋದರೆ ಮೇಲ್ಮಣ್ಣು ಹಳ್ಳಕ್ಕೆ ಸೇರುತ್ತದೆ.

ಲೆಕ್ಕ ಮಾಡುವಾಗ ಕಾಫಿಯನ್ನು ಮಾತ್ರ ತೂಗಬಾರದು. ಅದೇ ಎಕರೆಯ ಮರಕ್ಕೆ ಹಬ್ಬಿದ ಮೆಣಸು, ನಡುವಿನ ಅಡಿಕೆ, ಮರದ ಬೆಲೆ, ಉಳಿದ ಗೊಬ್ಬರದ ಹಣ ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದು ಕೂಡಿಸಿ ನೋಡಿ. ಒಂದು ಬೆಲೆ ಬಿದ್ದ ವರ್ಷ ಇನ್ನೊಂದು ಕೈಹಿಡಿಯುತ್ತದೆ. ವಿಯೆಟ್ನಾಮಿನ ರೈತನಿಗೆ ಬಹುಕಾಲ ಇಲ್ಲದಿದ್ದ ಆಸರೆ ಅದು. ಈಗ ಅಲ್ಲಿಯೂ ಕಾಫಿಯ ನಡುವೆ ಮೆಣಸು, ಹಣ್ಣಿನ ಮರ ಹಾಕುತ್ತಿದ್ದಾರೆ.

ಹಾಗೆಂದು ನಾವು ಕೈಕಟ್ಟಿ ಕೂರಬೇಕಿಲ್ಲ. ರೋಬಸ್ಟಾಕ್ಕೆ ಅರೇಬಿಕಾಕ್ಕಿಂತ ಹೆಚ್ಚು ಬೆಳಕು ಬೇಕು. ಮರ ಕಡಿಯದೆ ಕಾಲಕ್ಕೆ ಸರಿಯಾಗಿ ಮರಗಸಿ ಮಾಡಿಸಿದರೆ ಅದು ದೊರೆಯುತ್ತದೆ. ಹೂಮಳೆ ತಪ್ಪಿದ ವರ್ಷ ಫೆಬ್ರವರಿ ಮಾರ್ಚಿನಲ್ಲಿ ಒಂದು ಒಂದೂವರೆ ಅಂಗುಲ ನೀರನ್ನು ತುಂತುರಾಗಿ ಕೊಡಲು ಮಳೆನೀರಿನ ಕೆರೆಯನ್ನು ನೆರೆಯವರು ಸೇರಿ ತೋಡಿಸಬಹುದು. ಫಲ ಕೊಡದ ಮುದಿ ಗಿಡಗಳನ್ನು ವಿಯೆಟ್ನಾಮಿನವರು ಒಳ್ಳೆಯ ತಳಿಯ ಕಸಿ ಕಟ್ಟಿ ಹೊಸದಾಗಿಸುತ್ತಿದ್ದಾರೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಸಲಹೆ ಪಡೆದು ನಾವೂ ಸ್ವಲ್ಪ ಸ್ವಲ್ಪವಾಗಿ ಮಾಡಬಹುದು. ಮಣ್ಣು ಪರೀಕ್ಷೆ ಇಲ್ಲದೆ ಗೊಬ್ಬರ ಹಾಕುವುದನ್ನು ಈ ವರ್ಷವೇ ನಿಲ್ಲಿಸೋಣ.

ಅಡಿಕೆ ಬೆಳೆಗಾರರಿಗೂ ಈ ಪಾಠ ಸಲ್ಲುತ್ತದೆ. 2023ರಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 351 ರೂಪಾಯಿಗೆ ಏರಿದ್ದು ಒಂದು ಬೇಲಿ ಮಾತ್ರ. ಬಯಲುಸೀಮೆಯಲ್ಲಿ ಕೊಳವೆಬಾವಿ ನಂಬಿ ಗದ್ದೆ ಹೊಲಗಳಿಗೆಲ್ಲ ಅಡಿಕೆ ಹಬ್ಬುತ್ತಿರುವುದನ್ನು ಕಂಡಾಗ ನಮಗೆ 1990ರ ದಶಕದ ಡಾಕ್ ಲಾಕ್ ನೆನಪಾಗುತ್ತದೆ. ಬೆಲೆ ನೋಡಿ ಎಲ್ಲರೂ ನೆಟ್ಟರೆ ಫಸಲು ಬರುವ ಹೊತ್ತಿಗೆ ಆ ಬೆಲೆ ಇರುವುದಿಲ್ಲ.

'ಸಾಕು' ಎಂದು ಒಬ್ಬರಿಗೊಬ್ಬರು ಹೇಳುವ ಜಾಗ ವಿಯೆಟ್ನಾಮಿನ ರೈತನಿಗಿರಲಿಲ್ಲ. ನಮಗೆ ಈ ಸಂಘವಿದೆ. ಮರ ಕಡಿಸಲು ತೀರ್ಮಾನಿಸಿದ ಸದಸ್ಯರು ಗರಗಸದವನನ್ನು ಕರೆಯುವ ಮೊದಲು ಒಂದು ದಿನ ಕಚೇರಿಗೆ ಬರಲಿ. ಕಾಗದ ಪೆನ್ಸಿಲ್ ಇಟ್ಟುಕೊಂಡು ಕೂತು ಲೆಕ್ಕ ಹಾಕೋಣ.