ಅಚ್ಚುಮೊಳೆಯ ಕಸುಬಿನಿಂದ ಹೊಸ ವೃತ್ತಿಗೆ

ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯ್ದು, ಸಾಲು ಜೋಡಿಸಿ, ಪುಟ ಕಟ್ಟುವ ಕೆಲಸವು ಒಂದು ಕಾಲಕ್ಕೆ ಕರ್ನಾಟಕದ ಪಟ್ಟಣಗಳಲ್ಲಿ ಗೌರವದ ಜೀವನೋಪಾಯವಾಗಿತ್ತು. ಲಗ್ನಪತ್ರಿಕೆ, ಕರಪತ್ರ, ರಸೀದಿ ಪುಸ್ತಕ, ಪ್ರಶ್ನೆಪತ್ರಿಕೆ, ಊರಿನ ವಾರಪತ್ರಿಕೆ ಎಲ್ಲವೂ ಈ ಕೈಗಳ ಮೂಲಕವೇ ಹೊರಬರುತ್ತಿದ್ದವು. ಇಂದು ಆ ಕಸುಬು ಬಹುಮಟ್ಟಿಗೆ ಕಣ್ಮರೆಯಾಗಿದೆ. ಹೀಗೆ ಕುಗ್ಗುತ್ತಿರುವ ಉದ್ಯಮದಲ್ಲಿ ನೌಕರಿ ಕಳೆದುಕೊಂಡವರು ನಡುವಯಸ್ಸಿನಲ್ಲಿ ಬೇರೊಂದು ವೃತ್ತಿಯನ್ನು ಹಿಡಿಯುವುದು ಹೇಗೆ, ಅವರಿಗೆ ಯಾವ ಆಸರೆಗಳಿವೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಕಸುಬು ಬದಲಾದ ಬಗೆ

ಕನ್ನಡ ಮುದ್ರಣಕ್ಕೆ ಎರಡು ಶತಮಾನಗಳ ಇತಿಹಾಸವಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯವು ಆರಂಭವಾಯಿತು. ರೋಮನ್ ಲಿಪಿಗೆ ಹೋಲಿಸಿದರೆ ಕನ್ನಡದ ಮೊಳೆಗಳ ಸಂಖ್ಯೆ ಬಹಳ ಹೆಚ್ಚು. ಗುಣಿತಾಕ್ಷರಗಳಿಗೂ ಒತ್ತಕ್ಷರಗಳಿಗೂ ಪೆಟ್ಟಿಗೆಯಲ್ಲಿ ಬೇರೆ ಬೇರೆ ಮನೆಗಳು. ಕಣ್ಣು ಹಸ್ತಪ್ರತಿಯ ಮೇಲಿರುವಾಗಲೇ ಕೈ ಸರಿಯಾದ ಮನೆಗೆ ಹೋಗುವಂತಾಗಲು ವರ್ಷಗಳ ಅಭ್ಯಾಸ ಬೇಕಾಗುತ್ತಿತ್ತು.

1980ರ ದಶಕದ ಕೊನೆಯಿಂದ ಗಣಕಯಂತ್ರದ ಮೇಲೆ ಪುಟ ಜೋಡಿಸುವ ಡಿ.ಟಿ.ಪಿ. ಪದ್ಧತಿಯೂ ಆಫ್‌ಸೆಟ್ ಮುದ್ರಣವೂ ಹಬ್ಬತೊಡಗಿದವು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಕನ್ನಡದ ಅಕ್ಷರ ಜೋಡಣೆ ಸುಲಭವಾಯಿತು. ಹಲವು ಮಂದಿ ಕಂಪೋಸಿಟರುಗಳ ಕೆಲಸವನ್ನು ಒಬ್ಬರೇ ಮಾಡುವಂತಾಯಿತು. ಸರ್ಕಾರಿ ಮುದ್ರಣಾಲಯಗಳೂ ಈ ಬದಲಾವಣೆಗೆ ಹೊರತಾಗಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಭಾರತ ಸರ್ಕಾರದ 17 ಮುದ್ರಣಾಲಯಗಳನ್ನು 5 ಘಟಕಗಳಲ್ಲಿ ವಿಲೀನಗೊಳಿಸಲು ತೀರ್ಮಾನಿಸಿತು. ಮೈಸೂರಿನ ಪಠ್ಯಪುಸ್ತಕ ಮುದ್ರಣಾಲಯವೂ ಅವುಗಳಲ್ಲಿ ಒಂದು. ಅಲ್ಲಿ ಯಾರನ್ನೂ ಕೆಲಸದಿಂದ ತೆಗೆಯದೆ ವಿಲೀನ ನಡೆಸಬೇಕೆಂದು ನಿರ್ಧರಿಸಲಾಗಿತ್ತು. ಖಾಸಗಿ ಮುದ್ರಣಾಲಯಗಳ ಕೆಲಸಗಾರರಿಗೆ ಅಂತಹ ಭರವಸೆ ಇರುವುದು ವಿರಳ.

ಯಂತ್ರ ಬೇರೆ, ಪರಿಣತಿ ಬೇರೆ

ಗುಜರಾತಿನ ಸೂರತ್ ನಗರದ ಒಂದು ಹಳೆಯ ಪ್ರಸಂಗ ಇಲ್ಲಿ ಬೋಧಪ್ರದವಾಗಿದೆ. ಅಲ್ಲಿನ ವರ್ತಕ ಭೀಮಜಿ ಪಾರೇಖ್ ಅವರ ಕೋರಿಕೆಯಂತೆ ಈಸ್ಟ್ ಇಂಡಿಯಾ ಕಂಪನಿಯು 1674ರಲ್ಲಿ ಹೆನ್ರಿ ಹಿಲ್ಸ್ ಎಂಬ ಮುದ್ರಕನನ್ನು ಕಳುಹಿಸಿತು. ಯಂತ್ರವೂ ಬಂದಿತು, ಮುದ್ರಕನೂ ಬಂದನು. ಆದರೆ ದೇಶೀಯ ಲಿಪಿಯ ಮೊಳೆಗಳನ್ನು ಕೊರೆಯುವ ವಿದ್ಯೆ ಅವನಿಗೆ ತಿಳಿದಿರಲಿಲ್ಲ. ಭೀಮಜಿಯ ಅಪೇಕ್ಷೆ ಅಂದುಕೊಂಡಂತೆ ಕೈಗೂಡಲಿಲ್ಲ. ಯಂತ್ರವಿದ್ದರೂ ಲಿಪಿಯನ್ನು ಬಲ್ಲವರಿಲ್ಲದೆ ಮುದ್ರಣ ಸಾಗದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂದಿನ ಕೆಲಸಗಾರನ ಸ್ಥಿತಿ ಇದಕ್ಕೆ ತಿರುಗುಮುರುಗು. ಯಂತ್ರ ಹೋಗಿದೆ, ವಿದ್ಯೆ ಉಳಿದಿದೆ. ಆದುದರಿಂದ ಹೊಸ ವೃತ್ತಿಯನ್ನು ಅರಸುವ ಮೊದಲು ತನಗೆ ಏನೇನು ಬರುತ್ತದೆ ಎಂಬುದನ್ನು ಕಾಗದದ ಮೇಲೆ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಕಂಪೋಸಿಟರಿಗೆ ಕಾಗುಣಿತ, ಅಕ್ಷರಗಳ ಅಂತರ, ಪುಟದ ಅಂದ ಇವು ತಿಳಿದಿರುತ್ತವೆ; ಕರಡು ತಿದ್ದುವ ಕೆಲಸಕ್ಕೂ ಪುಟ ವಿನ್ಯಾಸಕ್ಕೂ ಅವೇ ಬಂಡವಾಳ. ಟ್ರೆಡಲ್ ಯಂತ್ರ ನಡೆಸಿದವರ ಅನುಭವವು ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಮಡಿಕೆ ಹಾಕುವ ಕೆಲಸದಲ್ಲಿಯೂ ರಸೀದಿಗಳಿಗೆ ಕ್ರಮಸಂಖ್ಯೆ ಒತ್ತುವ ಕೆಲಸದಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಕಾಗದದ ಅಳತೆ, ತೂಕ, ದರಗಳನ್ನು ಬಲ್ಲ ಫೋರ್‌ಮನ್ನರಿಗೆ ಕಾಗದದ ಅಂಗಡಿಗಳಲ್ಲಿ, ಪ್ಯಾಕಿಂಗ್ ಉದ್ಯಮದಲ್ಲಿ ಅವಕಾಶವಿದೆ.

ಸಲ್ಲಬೇಕಾದ ಹಣ

ಕೆಲಸ ಹೋದಾಗ ಮಾಲೀಕರೊಡನೆ ಹಳೆಯ ಸಲಿಗೆಯಿದೆಯೆಂದು ಬಾಯಿಮಾತಿಗೆ ಒಪ್ಪಿ ಹೊರಬರುವವರು ಅನೇಕರು. ಇದು ಸರಿಯಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಪ್ರಕಾರ, ಒಂದು ವರ್ಷದ ನಿರಂತರ ಸೇವೆ ಪೂರೈಸಿದ ಕಾರ್ಮಿಕರನ್ನು ಶಿಕ್ಷೆಯ ಕಾರಣವಿಲ್ಲದೆ ಹೆಚ್ಚುವರಿಯೆಂದು ತೆಗೆಯಬೇಕಾದರೆ ಒಂದು ತಿಂಗಳ ಲಿಖಿತ ಸೂಚನೆ ಅಥವಾ ಅದಕ್ಕೆ ಬದಲಾಗಿ ವೇತನ ಕೊಡಬೇಕು. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರವೂ ಸಲ್ಲಬೇಕು. ಇದಲ್ಲದೆ ಹೊಸ ಕೌಶಲ ಕಲಿಯಲೆಂದು 15 ದಿನಗಳ ವೇತನದಷ್ಟು ಹಣವನ್ನು 45 ದಿನಗಳೊಳಗೆ ಕಾರ್ಮಿಕರ ಖಾತೆಗೆ ಜಮಾ ಮಾಡುವ ನಿಧಿಯನ್ನೂ ಸಂಹಿತೆಯು ಏರ್ಪಡಿಸಿದೆ.

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಐದು ವರ್ಷ ಸೇವೆ ಸಲ್ಲಿಸಿದ ಕಾಯಂ ಕೆಲಸಗಾರರಿಗೆ ಉಪದಾನವು ಪ್ರತ್ಯೇಕವಾಗಿ ದೊರೆಯುತ್ತದೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,000 ರೂಪಾಯಿ ಪಡೆಯುತ್ತಿದ್ದು 20 ವರ್ಷ ದುಡಿದವರ ಲೆಕ್ಕ ಹೀಗೆ: 18,000ವನ್ನು 26ರಿಂದ ಭಾಗಿಸಿ, 15ರಿಂದ ಹಾಗೂ 20ರಿಂದ ಗುಣಿಸಿದರೆ ಸುಮಾರು 2,07,692 ರೂಪಾಯಿ. ಬಾಕಿ ದೊರೆಯದಿದ್ದಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ, 1987ರ ಮೇರೆಗೆ ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಅಹಮದಾಬಾದಿನ ಪಾಠ

ಕೈಗೆ ಬಂದ ಹಣ ಎಷ್ಟು ಕಾಲ ಬಾಳುತ್ತದೆಂಬುದೇ ಮುಂದಿನ ಪ್ರಶ್ನೆ. 1980 ಮತ್ತು 1990ರ ದಶಕಗಳಲ್ಲಿ ಅಹಮದಾಬಾದಿನ ಹತ್ತಾರು ಬಟ್ಟೆ ಗಿರಣಿಗಳು ಮುಚ್ಚಿದಾಗ ಸಾವಿರಾರು ಕಾರ್ಮಿಕರು ಕಾಯಂ ನೌಕರಿ ಕಳೆದುಕೊಂಡರು. ಅನೇಕರು ಬೀದಿಬದಿಯ ವ್ಯಾಪಾರ, ಆಟೋರಿಕ್ಷಾ, ದಿನಗೂಲಿಗಳತ್ತ ತಿರುಗಬೇಕಾಯಿತು. ಆದಾಯ ಮೊದಲಿಗಿಂತ ಕಡಿಮೆಯಾಯಿತು. ಕೇಂದ್ರ ಸರ್ಕಾರವು 1986ರಲ್ಲಿ ಆರಂಭಿಸಿದ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಯೋಜನೆಯಡಿ, ಶಾಶ್ವತವಾಗಿ ಮುಚ್ಚಿದ ಗಿರಣಿಗಳ ಅರ್ಹ ಕಾರ್ಮಿಕರಿಗೆ ಮೊದಲ ವರ್ಷ ವೇತನದ ಶೇಕಡ 75, ಎರಡನೆಯ ವರ್ಷ 50, ಮೂರನೆಯ ವರ್ಷ 25ರಷ್ಟು ನೆರವು ನೀಡಲಾಗುತ್ತಿತ್ತು. ನೆರವು ವರ್ಷದಿಂದ ವರ್ಷಕ್ಕೆ ಇಳಿಯುವ ಈ ಕ್ರಮದಲ್ಲಿಯೇ ಒಂದು ಸೂಚನೆಯಿದೆ. ಪರಿಹಾರದ ಹಣವು ಹೊಸ ಕೆಲಸ ಕಲಿಯಲು ದೊರೆತ ಕಾಲಾವಕಾಶವೇ ಹೊರತು ಆದಾಯವಲ್ಲ.

ಆದಕಾರಣ ಮೊದಲು ಆರು ತಿಂಗಳ ಮನೆಖರ್ಚನ್ನು ತೆಗೆದಿರಿಸಿ, ಹೆಚ್ಚು ಬಡ್ಡಿಯ ಕೈಸಾಲವನ್ನು ತೀರಿಸುವುದು ಕ್ಷೇಮ. ಭವಿಷ್ಯನಿಧಿಯನ್ನು ಪೂರ್ತಿ ಹಿಂತೆಗೆಯುವುದು ಕೊನೆಯ ಉಪಾಯವಾಗಿರಲಿ. ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷಗಳ ಸೇವೆಯಾಗಿದ್ದರೆ 58ನೆಯ ವಯಸ್ಸಿನಲ್ಲಿ ಪಿಂಚಣಿ ಬರುತ್ತದೆ. ಇರುವುದನ್ನೆಲ್ಲ ಒಮ್ಮೆಗೇ ಹಾಕಿ ಅಂಗಡಿ ತೆರೆಯುವ ಬದಲು ಅದೇ ಬಗೆಯ ಅಂಗಡಿಯಲ್ಲಿ ಕೆಲವು ತಿಂಗಳು ಸಂಬಳಕ್ಕೆ ದುಡಿದು ವ್ಯವಹಾರವನ್ನು ಅರಿಯುವುದು ಲೇಸು.

ತರಬೇತಿ ಮತ್ತು ಸಾಲ

ಸ್ವಂತ ಉದ್ಯೋಗ ತರಬೇತಿಯಲ್ಲಿ ಕರ್ನಾಟಕವು ದೇಶಕ್ಕೇ ಮಾದರಿಯಾಗಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿಯೇ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಇಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ದೊರೆಯುತ್ತದೆ. ವಯೋಮಿತಿಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಡಿ ಸಣ್ಣ ಉದ್ಯಮಗಳಿಗೆ ಆಧಾರವಿಲ್ಲದೆ 20 ಲಕ್ಷ ರೂಪಾಯಿವರೆಗೆ ಸಾಲವಿದೆ. ಸಂಬಳದ ಕೆಲಸವನ್ನೇ ಬಯಸುವವರು ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಹೆಸರು ನೋಂದಾಯಿಸಬಹುದು, ಇದಕ್ಕೆ ಶುಲ್ಕವಿಲ್ಲ. ಕೆಲಸ ಕೊಡಿಸುವೆವೆಂದು ಮುಂಗಡ ಹಣ ಕೇಳುವವರನ್ನು ನಂಬಬಾರದು.

ಮನೆಯವರ ಪಾಲು

ಕೆಲಸ ಹೋದ ಸುದ್ದಿಯನ್ನು ಮನೆಯಲ್ಲಿ ಮುಚ್ಚಿಟ್ಟು, ಎಂದಿನಂತೆ ಬುತ್ತಿ ಹಿಡಿದು ಹೊರಡುವವರೂ ಇದ್ದಾರೆ. ಮುಚ್ಚಿಟ್ಟಷ್ಟೂ ಸಾಲ ಬೆಳೆಯುತ್ತದೆ, ಉಪಾಯಗಳು ಕಡಿಮೆಯಾಗುತ್ತವೆ. ಉದ್ಯಮ ಕುಗ್ಗಿದ್ದು ದುಡಿದವರ ತಪ್ಪಲ್ಲ. ಖರ್ಚಿನ ಲೆಕ್ಕವನ್ನು ಹೆಂಡತಿ ಮಕ್ಕಳೊಡನೆ ಕುಳಿತು ಮಾಡಿದರೆ ಯಾವುದನ್ನು ಮುಂದೂಡಬಹುದು, ಯಾವುದನ್ನು ಬಿಡಲಾಗದು ಎಂಬುದು ತಿಳಿಯುತ್ತದೆ. ಮಕ್ಕಳ ಶಾಲೆಯನ್ನು ಬಿಡಿಸದಿರುವುದು ಆ ಪಟ್ಟಿಯ ಮೊದಲ ಸಾಲಾಗಿರಬೇಕು. ಗಣಕಯಂತ್ರದ ಮೊದಲ ಪಾಠವನ್ನು ಮನೆಯ ಮಕ್ಕಳಿಂದಲೇ ಕಲಿಯಲು ಹಿರಿಯರು ಸಂಕೋಚಪಡಬೇಕಾಗಿಲ್ಲ. ಮೊಳೆಯ ಪೆಟ್ಟಿಗೆಯ ಅಷ್ಟೊಂದು ಮನೆಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರಿಗೆ ಕೀಲಿಮಣೆಯ ಕೆಲವೇ ಗುಂಡಿಗಳು ಹೆಚ್ಚಿನ ಹೊರೆಯಾಗಲಾರವು.