ದೊಡ್ಡೂರುಗಳ ನೀರಿನ ಲೆಕ್ಕ

ಒಂದು ಕೋಟಿ ಜನ ಒಂದೇ ಊರಲ್ಲಿ ಸೇರಿಕೊಂಡರೆ ಅದನ್ನು ಮಹಾನಗರ ಅಂತ ಲೆಕ್ಕ ಹಿಡಿಯುತ್ತಾರೆ. 1975ರಲ್ಲಿ ಇಡೀ ಪ್ರಪಂಚದಲ್ಲಿ ಅಂಥವು 8 ಇದ್ದವು. 2025ರಲ್ಲಿ ವಿಶ್ವಸಂಸ್ಥೆ ಹೊರಡಿಸಿದ ಲೆಕ್ಕದಲ್ಲಿ 33 ಆಗಿವೆ, ಅದರಲ್ಲಿ 19 ನಮ್ಮ ಏಷ್ಯಾದಲ್ಲೇ ಇವೆ. ಇಂಡೋನೇಷ್ಯಾದ ಜಕಾರ್ತ ಎಲ್ಲಕ್ಕಿಂತ ದೊಡ್ಡದು, ಸುಮಾರು 4 ಕೋಟಿ 20 ಲಕ್ಷ ಜನ. ಬಾಂಗ್ಲಾದೇಶದ ಢಾಕಾದಲ್ಲಿ 3 ಕೋಟಿ 70 ಲಕ್ಷದ ಹತ್ತಿರ. ಜಪಾನಿನ ಟೋಕಿಯೊದಲ್ಲಿ 3 ಕೋಟಿ 30 ಲಕ್ಷ. ದೆಹಲಿ, ಶಾಂಘೈ ಇವೆರಡೂ ಮೂರು ಕೋಟಿಯ ಆಸುಪಾಸು. 2018ರ ಲೆಕ್ಕದಲ್ಲಿ ಟೋಕಿಯೊ ಮೊದಲನೆಯದಾಗಿತ್ತು. ಅಲ್ಲಿಂದ ಜನ ಓಡಿಹೋದರು ಅಂತಲ್ಲ, ಲೆಕ್ಕದ ರೀತಿ ಬದಲಾಯಿತು. ಸರ್ಕಾರದ ಗಡಿಕಲ್ಲು ಎಲ್ಲಿದೆ ಅಂತ ನೋಡದೆ, ಮನೆಗಳು ಎಲ್ಲಿಯವರೆಗೆ ಒತ್ತಾಗಿವೆಯೋ ಅಲ್ಲಿಯವರೆಗೆ ಒಂದೇ ಊರು ಅಂತ ಈಗ ಎಣಿಸಿದ್ದಾರೆ.

ನಾವು ರೈತರು ದೊಡ್ಡೂರನ್ನು ಮಂಡಿಯ ಕಡೆಯಿಂದ ನೋಡುತ್ತೇವೆ. ಟೊಮೆಟೊ ಇವತ್ತು ಎಷ್ಟಕ್ಕೆ ಹೋಯಿತು, ಲಾರಿ ಎಲ್ಲಿಗೆ ಹೊರಟಿತು, ಅಷ್ಟೇ. ನಾನು ಈ ಸಲ ನೀರಿನ ಕಡೆಯಿಂದ ನೋಡೋಣ ಅಂತ ಓದಲು ಕೂತೆ. ಕಾರಣ ಇದೆ, ಕೊನೆಗೆ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಅಂತ ನಮ್ಮ ದೇಶದ ಸರ್ಕಾರಿ ಅಂದಾಜು. ಒಂದು ಕೋಟಿ ಜನಕ್ಕೆ 135 ಕೋಟಿ ಲೀಟರ್ ಆಯಿತು. ನಮ್ಮ ಕೃಷಿ ಹೊಂಡದಲ್ಲಿ ಹತ್ತು ಲಕ್ಷ ಲೀಟರ್ ಹಿಡಿಯುತ್ತದೆ ಅಂದ್ಕೊಳ್ಳಿ. ಹಾಗಾದರೆ ಆ ಊರಿಗೆ ದಿನಾ ಬೆಳಗಾದರೆ 1350 ತುಂಬಿದ ಹೊಂಡ ಬೇಕು. ಹೀಗೆ ಒಳಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಆಚೆ ಬರುತ್ತದೆ. ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಈ ಎರಡು ಪ್ರಶ್ನೆ ಕೇಳಿದರೆ ಯಾವ ನಗರದ ಜಾತಕವಾದರೂ ಸಿಗುತ್ತದೆ.

ಮೆಕ್ಸಿಕೊ ದೇಶದ ರಾಜಧಾನಿ ಮೆಕ್ಸಿಕೊ ನಗರವನ್ನೇ ತಗೊಳ್ಳಿ. ಸುತ್ತಲಿನ ಪಟ್ಟಣಗಳೂ ಸೇರಿ ಎರಡು ಕೋಟಿಗೂ ಹೆಚ್ಚು ಜನ. ಸಮುದ್ರ ಮಟ್ಟದಿಂದ 7300 ಅಡಿ ಎತ್ತರ, ನಮ್ಮ ನಂದಿಬೆಟ್ಟದ ತುದಿಗಿಂತ ಮೇಲೆ. ಸುತ್ತ ಬೆಟ್ಟ, ನಡುವೆ ಬಾಣಲೆಯ ಹಾಗೆ ತಗ್ಗು. ಆ ತಗ್ಗಿನಲ್ಲಿ ಮೊದಲು ದೊಡ್ಡ ಸರೋವರಗಳಿದ್ದವು. ಅಜ್ಟೆಕ್ ಜನ 1325ರಲ್ಲಿ ಸರೋವರದ ನಡುಗಡ್ಡೆಯಲ್ಲೇ ಊರು ಕಟ್ಟಿದರು. ಅವರು ಬೇಸಾಯ ಮಾಡುತ್ತಿದ್ದ ರೀತಿ ಕೇಳಿದರೆ ಆಶ್ಚರ್ಯ ಆಗುತ್ತದೆ. ಆಳವಿಲ್ಲದ ನೀರಲ್ಲಿ ಕೆಸರು, ಜೊಂಡು ಪೇರಿಸಿ ಉದ್ದುದ್ದ ಮಡಿ ಎಬ್ಬಿಸೋದು, ಅಂಚು ಜರುಗದಂತೆ ವಿಲೋ ಜಾತಿಯ ಮರ ನೆಡೋದು. ಇದಕ್ಕೆ ಚಿನಾಂಪಾ ಅಂತ ಹೆಸರು. ಕಾಲುವೆಯ ತಳದ ಕೆಸರನ್ನೇ ಬಾಚಿ ಮಡಿಗೆ ಹಾಕುತ್ತಾರೆ, ಅದೇ ಗೊಬ್ಬರ. ಸಸಿ ಮಾಡುವ ಕ್ರಮವಂತೂ ನಾವು ಮಾಡಿ ನೋಡಬಹುದಾದದ್ದು. ಕೆಸರನ್ನು ಸಾರಿಸಿದ ಹಾಗೆ ಹರಡಿ, ಸ್ವಲ್ಪ ಆರಿದ ಮೇಲೆ ಬರ್ಫಿ ಕತ್ತರಿಸಿದಂತೆ ಚೌಕ ಚೌಕ ಕೊಯ್ದು, ಒಂದೊಂದು ಚೌಕಕ್ಕೆ ಒಂದು ಗುಳಿ ಮಾಡಿ ಬೀಜ ಇಡುತ್ತಾರೆ. ಸಸಿ ಬಂದ ಮೇಲೆ ಚೌಕದ ಸಮೇತ ಎತ್ತಿ ನೆಟ್ಟರೆ ಬೇರಿಗೆ ಪೆಟ್ಟೇ ಇಲ್ಲ. ಈಗ ನಾವು ಪ್ಲಾಸ್ಟಿಕ್ ಟ್ರೇಯಲ್ಲಿ ದುಡ್ಡು ಕೊಟ್ಟು ಮಾಡಿಸೋದು ಇದನ್ನೇ. ನಗರದ ದಕ್ಷಿಣಕ್ಕೆ ಶೋಚಿಮಿಲ್ಕೊ ಎಂಬಲ್ಲಿ ಈ ಮಡಿಗಳು ಇವತ್ತಿಗೂ ಇವೆ.

1521ರಲ್ಲಿ ಸ್ಪೇನಿನವರು ಊರನ್ನು ಗೆದ್ದರು. ಅವರಿಗೆ ನೀರಿನ ನಡುವೆ ಬಾಳುವುದು ಗೊತ್ತಿರಲಿಲ್ಲ, ಪ್ರವಾಹ ಬಂದಾಗೆಲ್ಲ ಗೋಳು. ಸರೋವರವನ್ನೇ ಬರಿದು ಮಾಡೋದು ಅಂತ 1607ರಲ್ಲಿ ಬೆಟ್ಟ ಕೊರೆಯೋಕೆ ಶುರು ಮಾಡಿದರು. ಆ ಕೆಲಸ ಮುನ್ನೂರು ವರ್ಷ ನಡೆಯಿತು. 1900ರಲ್ಲಿ ದೊಡ್ಡ ಕಾಲುವೆ ಮುಗಿಯಿತು, ಸರೋವರ ಒಣಗಿತು. ಆಮೇಲೆ ಜನ ಹೆಚ್ಚಿದರು, ಕುಡಿಯೋಕೆ ನೀರಿಲ್ಲ. ನೆಲ ಕೊರೆದು ಎತ್ತತೊಡಗಿದರು.

ಇಲ್ಲಿ ನಾವು ಗಮನ ಕೊಡಬೇಕು. ಸರೋವರದ ತಳ ಅಂದರೆ ಜೇಡಿಮಣ್ಣು. ಜೇಡಿಯ ಕಣಗಳ ನಡುವೆ ನೀರು ತುಂಬಿ ಮೇಲಿನ ಭಾರ ಹೊತ್ತಿರುತ್ತದೆ. ನೀರು ಎಳೆದುಬಿಟ್ಟರೆ ಕಣಗಳು ಒಂದರ ಮೇಲೊಂದು ಅಮುಕಿಕೊಳ್ಳುತ್ತವೆ. ಆಮೇಲೆ ನೀರು ತುಂಬಿದರೂ ಮೊದಲಿನ ಹಾಗೆ ಉಬ್ಬುವುದಿಲ್ಲ. ಮೆಕ್ಸಿಕೊ ನಗರದ ನಡುಭಾಗ ಇಪ್ಪತ್ತನೇ ಶತಮಾನದಲ್ಲಿ ಸುಮಾರು 30 ಅಡಿ ಕುಸಿಯಿತು. 1910ರಲ್ಲಿ ಅಲ್ಲಿ ಸ್ವಾತಂತ್ರ್ಯದ ನೆನಪಿಗೆ ಒಂದು ಕಂಬ ನಿಲ್ಲಿಸಿದ್ದರು. ಆಳದ ಬುನಾದಿಯಿಂದ ಕಂಬ ಇದ್ದಲ್ಲೇ ನಿಂತಿತು, ಸುತ್ತಲ ನೆಲ ಇಳಿಯಿತು. ಕಂಬದ ಬುಡಕ್ಕೆ ಹತ್ತಲು ಆಮೇಲೆ 14 ಮೆಟ್ಟಿಲು ಸೇರಿಸಬೇಕಾಯಿತು. ನೆಲ ಇಳಿದಂತೆ ಕೊಳಾಯಿ ಒಡೆಯುತ್ತದೆ, ಒಡೆದಂತೆ ನೀರು ಸೋರುತ್ತದೆ. ನೂರಕ್ಕೆ ನಲವತ್ತು ಪಾಲು ಹೀಗೆ ದಾರಿಯಲ್ಲೇ ಹೋಗುತ್ತದೆ ಅಂತ ಲೆಕ್ಕ. ಸೋರಿದ್ದಕ್ಕೆ ಇನ್ನಷ್ಟು ಎತ್ತು, ಎತ್ತಿದ್ದಕ್ಕೆ ಇನ್ನಷ್ಟು ಕುಸಿ.

ನಮ್ಮ ಕಡೆ ಸಾವಿರ ಅಡಿ ದಾಟಿ ಕೊರೆದರೂ ನೆಲ ಯಾಕೆ ಕುಸಿಯಲಿಲ್ಲ ಅಂತ ಕೇಳಬಹುದು. ನಮ್ಮದು ಗಟ್ಟಿ ಕಲ್ಲಿನ ನೆಲ. ನೀರು ಇರೋದು ಕಲ್ಲಿನ ಬಿರುಕಲ್ಲಿ. ನೀರು ಹೋದರೂ ಕಲ್ಲು ನಿಲ್ಲುತ್ತದೆ, ಬೋರು ಮಾತ್ರ ಹೊಗೆ ಬಿಡುತ್ತದೆ.

ನೆಲದ ನೀರು ಸಾಲದೆ ಬೇರೆ ಕಣಿವೆಯಿಂದ ನೂರು ಕಿ.ಮೀ.ಗೂ ಹೆಚ್ಚು ದೂರ, 3600 ಅಡಿ ಮೇಲಕ್ಕೆ ಪಂಪು ಮಾಡಿ ತರುತ್ತಾರೆ. ಕುಟ್ಸಮಾಲಾ ಯೋಜನೆ ಅಂತ ಅದರ ಹೆಸರು. ಆ ನೀರು ಹೊರಡುವ ಜಾಗದಲ್ಲಿ ಮಸಾವಾ ಎಂಬ ಬುಡಕಟ್ಟಿನ ರೈತರ ಹಳ್ಳಿಗಳಿವೆ. ಅಣೆಕಟ್ಟು ಕಣ್ಣೆದುರೇ ಇದ್ದರೂ ಅವರ ಮನೆಗಳಿಗೆ ನಲ್ಲಿ ಇರಲಿಲ್ಲ. 2003ರಲ್ಲಿ ಅಣೆಕಟ್ಟಿನ ನೀರು ನುಗ್ಗಿ ಅವರ ಬೆಳೆ ಮುಳುಗಿತು. 2004ರಲ್ಲಿ ಅಲ್ಲಿನ ಹೆಂಗಸರು ಮರದ ಬಂದೂಕು ಹಿಡಿದು ಬೀದಿಗೆ ಬಂದರು. ನೀರು ಕೊಡುವ ಹಳ್ಳಿಗೇ ನೀರಿಲ್ಲ ಅನ್ನೋದನ್ನು ದೇಶಕ್ಕೆಲ್ಲ ತೋರಿಸಿದವರು ಅವರು.

ನಗರದೊಳಗೂ ಎಲ್ಲರಿಗೂ ಒಂದೇ ಸಮ ಅಂತ ತಿಳಿಯಬೇಡಿ. ಪಶ್ಚಿಮದ ಶ್ರೀಮಂತರ ಬಡಾವಣೆಗೆ ದಿನವಿಡೀ ನಲ್ಲಿ ಬರುತ್ತದೆ. ಪೂರ್ವಕ್ಕೆ ಇಸ್ತಪಲಾಪ ಎಂಬ ಬಡವರ ಭಾಗ, ಅದು ಕೊಳಾಯಿಯ ಕೊನೆ. ನಮ್ಮ ಕಾಲುವೆಯ ಕೊನೆ ಹೊಲದವನ ಪಾಡೇ ಅವರದು. ವಾರಕ್ಕೆ ಒಂದೆರಡು ಸಲ ಸರದಿಯ ನೀರು, ಇಲ್ಲದಿದ್ದರೆ ಟ್ಯಾಂಕರು. ಹೆಂಗಸರು ಕೆಲಸ ಬಿಟ್ಟು ಟ್ಯಾಂಕರಿಗೆ ಕಾಯಬೇಕು, ಪಾತ್ರೆ ತೊಳೆದ ನೀರಲ್ಲಿ ನೆಲ ಒರೆಸಿ, ಅದನ್ನೇ ಕಕ್ಕಸಿಗೆ ಹಾಕುತ್ತಾರೆ. 2024ರ ಬೇಸಿಗೆಯಲ್ಲಿ ಕುಟ್ಸಮಾಲಾ ಅಣೆಕಟ್ಟುಗಳಲ್ಲಿ ಮೂರನೇ ಒಂದು ಪಾಲೂ ನೀರಿರಲಿಲ್ಲ. ಅದೇ ಬೇಸಿಗೆಯಲ್ಲಿ ಬೆಂಗಳೂರಿನವರು ಕೊಡ ಹಿಡಿದು ನಿಂತದ್ದು ನಿಮಗೆಲ್ಲ ನೆನಪಿದೆ.

ಜಕಾರ್ತದ್ದೂ ಇದೇ ಕಥೆ, ಆದರೆ ಸಮುದ್ರ ಪಕ್ಕದಲ್ಲೇ ಇದೆ. 13 ನದಿ ಹರಿಯುವ ಊರಲ್ಲಿ ನದಿ ನೀರು ಕೆಟ್ಟು ಜನ ಬೋರು ಹಾಕಿದರು. ನೆಲ ಇಳಿದು ಊರಿನ ಉತ್ತರ ಭಾಗ ಸಮುದ್ರಕ್ಕಿಂತ ತಗ್ಗಾಗಿದೆ, ನಡುವೆ ಗೋಡೆ ಕಟ್ಟಿಕೊಂಡು ಬಾಳುತ್ತಿದ್ದಾರೆ. ರಾಜಧಾನಿಯನ್ನೇ ಬೇರೆ ದ್ವೀಪಕ್ಕೆ ಸಾಗಿಸುತ್ತೇವೆ ಅಂತ 2019ರಲ್ಲಿ ಅಲ್ಲಿನ ಸರ್ಕಾರ ಹೇಳಿತು. ಆಫೀಸು ಸಾಗಿಸಬಹುದು, ನಾಲ್ಕು ಕೋಟಿ ಜನರನ್ನು ಯಾರು ಸಾಗಿಸುತ್ತಾರೆ?

ಟೋಕಿಯೊದವರು ಬುದ್ಧಿವಂತರು ಅಂತಲೇ ನಾನು ಹೇಳೋದು. ಅಲ್ಲಿಯೂ ಕಾರ್ಖಾನೆಗಳು ನೆಲದ ನೀರು ಹೀರಿ ಪೂರ್ವದ ಕೊಟೊ ಭಾಗ 15 ಅಡಿಯಷ್ಟು ಇಳಿದಿತ್ತು. 1956ರಲ್ಲಿ ಕಾರ್ಖಾನೆಗೆ, 1962ರಲ್ಲಿ ದೊಡ್ಡ ಕಟ್ಟಡಗಳಿಗೆ ಕಾನೂನು ತಂದು ಪಂಪು ನಿಲ್ಲಿಸಿದರು. ಬದಲಿಗೆ ನದಿ ನೀರು ಕೊಟ್ಟರು, ಕೊಳಾಯಿ ಸೋರಿಕೆಯನ್ನು ನೂರಕ್ಕೆ ಮೂರು ನಾಲ್ಕಕ್ಕೆ ಇಳಿಸಿದರು. ಇಳಿದ ನೆಲ ಏಳಲಿಲ್ಲ, ಕುಸಿತ ನಿಂತಿತು. ನೀರು ಮಾತ್ರ ಎದ್ದಿತು. ಎಷ್ಟು ಎದ್ದಿತೆಂದರೆ, ನೆಲದಡಿಯ ಉಎನೊ ರೈಲು ನಿಲ್ದಾಣ ದೋಣಿಯಂತೆ ಮೇಲೇಳುತ್ತದೋ ಅಂತ ಹೆದರಿ ಕಬ್ಬಿಣದ ಭಾರ ಹೇರಬೇಕಾಯಿತು. ನೆಲದ ನೀರು ಒಮ್ಮೆ ಹೋದರೆ ಹೋಯಿತು ಅನ್ನುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಇನ್ನು ಎರಡನೇ ಪ್ರಶ್ನೆ, ಆಚೆ ಬರುವ ನೀರು. ಟೋಕಿಯೊಗೆ ಎದೊ ಅಂತ ಹೆಸರಿದ್ದ ಕಾಲದಲ್ಲಿ, ಅಂದರೆ 1700ರ ನಂತರ, ಹತ್ತು ಲಕ್ಷ ಜನ ಇದ್ದರು. ಅವರ ಮಲವನ್ನು ಸುತ್ತಲ ರೈತರು ದುಡ್ಡು ಕೊಟ್ಟು, ಇಲ್ಲವೇ ತರಕಾರಿ ಕೊಟ್ಟು ಒಯ್ಯುತ್ತಿದ್ದರು. ಬಾಡಿಗೆ ಮನೆಯವರ ಗೊಬ್ಬರ ಮಾರಿದ ಹಣ ಮನೆ ಮಾಲೀಕನಿಗೆ ಸೇರುತ್ತಿತ್ತು. ಊರೂ ಚೊಕ್ಕಟ, ಹೊಲಕ್ಕೂ ಸತ್ವ. ಕಲ್ಕತ್ತದ ಪೂರ್ವಕ್ಕೆ ಇವತ್ತಿಗೂ ಸುಮಾರು 30 ಸಾವಿರ ಎಕರೆ ಜೌಗು ನೆಲದಲ್ಲಿ ನಗರದ ಕೊಳಚೆಯನ್ನು ಆಳವಿಲ್ಲದ ಹೊಂಡದಲ್ಲಿ ಬಿಸಿಲಿಗೆ ನಿಲ್ಲಿಸಿ ಮೀನು ಸಾಕುತ್ತಾರೆ, ತರಕಾರಿ ಬೆಳೆಯುತ್ತಾರೆ. ಧ್ರುವಜ್ಯೋತಿ ಘೋಷ್ ಎಂಬ ಇಂಜಿನಿಯರು 1980ರ ದಶಕದಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮೀನುಗಾರರಿಗೆ ಅದು ತಲೆಮಾರುಗಳಿಂದ ಗೊತ್ತಿತ್ತು.

ಆದರೆ ನಮಗೆ ಹತ್ತಿರದ್ದು ಮತ್ತೆ ಮೆಕ್ಸಿಕೊದ್ದೇ. ಅಲ್ಲಿನ ಕೊಳಚೆ ನೀರು ಉತ್ತರಕ್ಕೆ ಮೆಸ್ಕಿಟಾಲ್ ಕಣಿವೆಗೆ ಹರಿಯುತ್ತದೆ. ಮೆಸ್ಕಿಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ಕುಲದ ಮರ. ಹೆಸರಲ್ಲೇ ಗೊತ್ತಾಗುತ್ತದೆ ಎಂಥಾ ಒಣ ಸೀಮೆ ಅಂತ. ಜಾಲಿ, ಕತ್ತಾಳೆ ಬಿಟ್ಟರೆ ಹೆಚ್ಚೇನಿಲ್ಲದ ನೆಲದಲ್ಲಿ ನೂರು ವರ್ಷದಿಂದ ಈ ನೀರು ಹಾಯಿಸಿ, ಎರಡು ಲಕ್ಷ ಎಕರೆಗೂ ಮೇಲೆ ಮುಸುಕಿನ ಜೋಳ ಮತ್ತು ಕುದುರೆ ಮಸಾಲೆ ಸೊಪ್ಪು ಬೆಳೆಯುತ್ತಿದ್ದಾರೆ. ನೆಲದ ನೀರು ಏರಿ ಹೊಸ ಒರತೆ ಹುಟ್ಟಿವೆ. ಜೊತೆಗೆ ಕೆಟ್ಟದ್ದೂ ಬಂತು. ಹಸಿ ಕೊಳಚೆ ಹಾಯಿಸುವ ಮನೆಗಳ ಮಕ್ಕಳಲ್ಲಿ ಜಂತುಹುಳು ಹೆಚ್ಚು ಅಂತ ವೈದ್ಯರು ಕಂಡರು. ಕೆರೆಯಲ್ಲಿ ನಿಂತು ಬಂದ ನೀರಾದರೆ ಅದು ಕಡಿಮೆ. ಎಂಟು ಹತ್ತು ದಿನ ನಿಂತರೆ ಹುಳುವಿನ ಮೊಟ್ಟೆ ತಳ ಸೇರುತ್ತವೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ ಅಲ್ಲಿ ಬೆಳೆಯಬಾರದು ಅಂತ ಕಟ್ಟಳೆ ಇದೆ. ಕಾರ್ಖಾನೆಯ ಲೋಹದ ಅಂಶ ವರ್ಷ ವರ್ಷ ಮಣ್ಣಲ್ಲಿ ಕೂಡಿಕೊಳ್ಳುತ್ತದೆ, ಅದು ನಿಲ್ಲಿಸಿದರೂ ಹೋಗುವುದಿಲ್ಲ. ಅತೋತೋನಿಲ್ಕೊ ಎಂಬಲ್ಲಿ ಭಾರಿ ಶುದ್ಧೀಕರಣ ಘಟಕ ಕಟ್ಟಿದಾಗ ರೈತರೇ ಗೊಣಗಿದರು, ನೀರಿನ ಗೊಬ್ಬರದ ಅಂಶ ಹೋಗುತ್ತದೆ ಅಂತ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ನಾನು ಅವರ ಪಕ್ಷ ಅಲ್ಲ. ಗೊಬ್ಬರವನ್ನು ತಿಪ್ಪೆಯಿಂದ ತರಬಹುದು, ಕೆಟ್ಟ ನೆಲವನ್ನು ಎಲ್ಲಿಂದ ಬದಲಾಯಿಸೋದು?

ಈಗ ಕಾರಣ ಹೇಳುತ್ತೇನೆ. ಬೆಂಗಳೂರು ಒಂದು ಕೋಟಿ ದಾಟಿದ ಊರು. ಕಾವೇರಿಯನ್ನು ನೂರು ಕಿ.ಮೀ. ದೂರದಿಂದ ಏರಿಸಿಕೊಂಡು ಕುಡಿಯುತ್ತದೆ. ಅಲ್ಲಿ ಬಳಸಿ, ಎರಡು ಹಂತ ಶುದ್ಧ ಮಾಡಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ ಅದು. ಮೊದಲ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಹೋರಾಟ ಮಾಡಿದವರು ಸುಪ್ರೀಂ ಕೋರ್ಟಿನವರೆಗೂ ಹೋದರು. ನೀರು ಬಿಡುವುದು ಮುಂದುವರಿಯಿತು. ನಮ್ಮ ಊರ ಕೆಳಗಿನ ಕೆರೆ ಇಪ್ಪತ್ತು ವರ್ಷದಲ್ಲಿ ಕಾಣದಷ್ಟು ತುಂಬಿತು. 1100 ಅಡಿಯಲ್ಲಿ ಒಣಗಿದ್ದ ನನ್ನ ಬೋರಿನಲ್ಲಿ ಈಗ ಒಂದೂವರೆ ಇಂಚು ನೀರಿದೆ. ಖುಷಿ ಇಲ್ಲ ಅಂದರೆ ಸುಳ್ಳಾಗುತ್ತದೆ.

ಆದರೆ ಆ ಕೆರೆ ನೀರನ್ನು ಪರೀಕ್ಷೆ ಮಾಡಿದ ಕಾಗದ ಕೊಡಿ ಅಂತ ಒಂದು ಕಛೇರಿಯಲ್ಲಿ ಮೂರು ಸಲ ಕೇಳಿದೆ. ಮೂರು ಸಲವೂ ನಾಳೆ ಬಾ ಅಂದರು. ಅಲ್ಲಿಂದಲೇ ನನಗೆ ಬೇರೆ ದೇಶದವರು ಏನು ಮಾಡಿದ್ದಾರೆ ನೋಡೋಣ ಅನ್ನಿಸಿದ್ದು.

ಓದಿದ ಮೇಲೆ ನಾನು ಮಾಡಿಕೊಂಡ ಏರ್ಪಾಡು ಇಷ್ಟು. ಕೆರೆಗೆ ನೇರ ಪಂಪು ಇಟ್ಟು ನೀರೆತ್ತುವುದು ಕಾನೂನಿಗೂ ವಿರುದ್ಧ, ಆರೋಗ್ಯಕ್ಕೂ ವಿರುದ್ಧ. ಮಣ್ಣಲ್ಲಿ ಇಳಿದು, ಸೋಸಿ ಬೋರಿಗೆ ಬಂದದ್ದನ್ನು ಮಾತ್ರ ಬಳಸುತ್ತೇನೆ. ಅರ್ಧ ಎಕರೆ ಹಿಪ್ಪುನೇರಳೆ, ಹತ್ತು ಗುಂಟೆ ಮೇವಿನ ಹುಲ್ಲು ಇದಕ್ಕೆ ಬಿಟ್ಟಿದ್ದೇನೆ. ಟೊಮೆಟೊಗೆ ಹನಿ ನೀರಾವರಿ, ಗಿಡಕ್ಕೆ ಕೋಲು ಕೊಟ್ಟು ಕಟ್ಟಿ, ಹಣ್ಣು ನೆಲ ಮುಟ್ಟದಂತೆ ನೋಡಿಕೊಳ್ಳುತ್ತೇನೆ. ಕೊತ್ತಂಬರಿ, ಪಾಲಕ್ ನಿಲ್ಲಿಸಿದೆ. ರಾಗಿ, ಅವರೆ, ಹುರುಳಿ ಮೊದಲಿನ ಹಾಗೇ ಮಳೆಗೆ. ಕುಡಿಯೋಕೆ ಈ ಬೋರಿನ ನೀರು ಮನೆಗೆ ತರುವುದಿಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ಒಂದು ಸಲ ಹೊಲದ ಮಣ್ಣನ್ನೂ ಬೋರಿನ ನೀರನ್ನೂ ನನ್ನ ಖರ್ಚಲ್ಲೇ ಪರೀಕ್ಷೆ ಮಾಡಿಸಿ, ಲೋಹದ ಅಂಶ ಕೂಡ ನೋಡಿ ಅಂತ ಬರೆದುಕೊಡುತ್ತೇನೆ. ಕೆರೆ ಬಯಲಿನ ಹಳ್ಳಿಗಳವರು ಹತ್ತು ಜನ ಸೇರಿ ಹೀಗೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ, ಗ್ರಾಮಸಭೆಯಲ್ಲಿ ಮುಂದಿಡೋಕೆ ಕೈಯಲ್ಲಿ ಕಾಗದವೂ ಇರುತ್ತದೆ. ನಮ್ಮಲ್ಲಿ ಸದ್ಯಕ್ಕೆ ನಾಲ್ವರು ಒಪ್ಪಿದ್ದಾರೆ.