ಪೇಟೆ ಬೀದಿಯ ಪಾಠ



ಶಾಲಾ ಪ್ರವಾಸಕ್ಕೆ ಬೆಂಗಳೂರಿಗೆ ಹೋಗೋಣ ಅಂತ ನೀವೆಲ್ಲ ಪಟ್ಟಿ ಬರೆದು ಕೊಟ್ಟಿದ್ದೀರಿ. ವಿಧಾನಸೌಧ, ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎಲ್ಲ ಇದೆ, ಸಂತೋಷ. ಆದರೆ ಒಂದು ಜಾಗ ಬಿಟ್ಟುಹೋಗಿದೆ. ಅದು ಮಾರುಕಟ್ಟೆ. "ಸಂತೆ ನಮ್ಮೂರ ಕಡೇನೂ ಇದೆಯಲ್ಲ ಸಾರ್, ಅದನ್ನ ನೋಡಾಕೆ ಅಲ್ಲಿಗಂಟ ಹೋಗ್ಬೇಕಾ?" ಎಂದು ಕೇಳಬಹುದು. ಹೋಗಬೇಕು. ನಮ್ಮ ಹೊಲದ ಬೆಳೆಗೆ ಬೆಲೆ ಕಟ್ಟುವ ಜಾಗಗಳಲ್ಲಿ ಅದೂ ಒಂದು.

ಸಂತೆಗೂ ಪೇಟೆಗೂ ಇರುವ ವ್ಯತ್ಯಾಸ ಮೊದಲು ತಿಳಿಯಿರಿ. ಸಂತೆ ವಾರಕ್ಕೊಂದು ದಿನ ಕೂಡಿ ಸಂಜೆಗೆ ಕರಗುತ್ತದೆ. ಪೇಟೆ ದಿನವೂ ಇರುತ್ತದೆ. ದೊಡ್ಡ ನಗರದಲ್ಲಿ ಮೂರು ಬಗೆಯ ಪೇಟೆಗಳನ್ನು ನೋಡಬಹುದು: ತಿನ್ನುವ, ಮುಡಿಯುವ ಪದಾರ್ಥದ ಪೇಟೆ, ಹಳೇ ಸಾಮಾನಿನ ಪೇಟೆ, ಕೈಕಸುಬಿನ ಪೇಟೆ.

1. ಹೂವು ತರಕಾರಿಯ ಪೇಟೆ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆ 1928ರಲ್ಲಿ ಆದದ್ದು. ಕೆ.ಆರ್. ಎಂದರೆ ಕೃಷ್ಣರಾಜೇಂದ್ರ. ಕನ್ನಂಬಾಡಿ ಕಟ್ಟೆ ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರೇ ಇದು. ಅದಕ್ಕೂ ಮೊದಲು ಆ ಜಾಗದಲ್ಲಿ ಸಿದ್ಧಿಕಟ್ಟೆ ಎಂಬ ಕೆರೆ ಇತ್ತು. ಪಕ್ಕದಲ್ಲೇ ಬೆಂಗಳೂರು ಕೋಟೆಯ ಉಳಿದ ಭಾಗವಿದೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಈ ಕೋಟೆಯನ್ನು ಗೆದ್ದು, ಆಮೇಲೆ ನಮ್ಮ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು.

ನಿಮಗಿದು ಗೊತ್ತೇ? ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದದ್ದು 1905ರಲ್ಲಿ. ಆ ಕರೆಂಟು ನಮ್ಮ ಜಿಲ್ಲೆಯ ಶಿವನಸಮುದ್ರದ್ದು. ಅಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು ಮೊದಲು ಕೋಲಾರದ ಚಿನ್ನದ ಗಣಿಗೆ ಕೊಟ್ಟಿದ್ದರು.

ಈ ಮಾರುಕಟ್ಟೆಯನ್ನು ನೋಡಬೇಕಾದರೆ ಕೋಳಿ ಕೂಗುವ ಹೊತ್ತಿಗೇ ಹೋಗಬೇಕು. ಆಗ ಸಗಟು ವ್ಯಾಪಾರ ನಡೆಯುತ್ತದೆ. ಸೇವಂತಿಗೆ, ಚೆಂಡು ಹೂ, ಕನಕಾಂಬರ, ಸುಗಂಧರಾಜ ಮೂಟೆ ಮೂಟೆಯಾಗಿ ಬಂದು ಬೀಳುತ್ತವೆ. ಹೊತ್ತೇರಿದ ಮೇಲೆ ಚಿಲ್ಲರೆ ವ್ಯಾಪಾರ. ಬಿಡಿ ಹೂವಿಗೆ ಕೆ.ಜಿ. ಲೆಕ್ಕ, ಕಟ್ಟಿದ ಹೂವಿಗೆ ಮೊಳ, ಮಾರು. ಮೊಣಕೈಯಿಂದ ನಡುಬೆರಳ ತುದಿವರೆಗೆ ಒಂದು ಮೊಳ, ಹೆಚ್ಚುಕಮ್ಮಿ ಒಂದೂವರೆ ಅಡಿ. ನಾಲ್ಕು ಮೊಳಕ್ಕೆ ಒಂದು ಮಾರು. ಮೊಳ ಯಾರ ಕೈಯದ್ದು ಅನ್ನುವುದರ ಮೇಲೆ ನಿಮ್ಮ ಹೂವಿನ ಉದ್ದ ಇರುತ್ತದೆ, ಮರೆಯಬೇಡಿ.

ಒಂದೇ ಹೂವಿಗೆ ಹಬ್ಬದ ಹಿಂದಿನ ದಿನ ಒಂದು ಬೆಲೆ, ಹಬ್ಬದ ಮಾರನೇ ದಿನ ಇನ್ನೊಂದು ಬೆಲೆ. ಯಾಕೆ? ರಾಗಿಯನ್ನು ಹಗೇವಿಗೆ ಹಾಕಿ ವರ್ಷಗಟ್ಟಲೆ ಇಡಬಹುದು, ಬೆಲೆ ಬಂದಾಗ ತೆಗೆಯಬಹುದು. ಹೂವು, ಟೊಮೆಟೊ, ಸೊಪ್ಪು ಹಾಗಲ್ಲ. ಸಂಜೆಗೆ ಬಾಡುತ್ತವೆ. ವಾಪಸ್ ತರುವುದಕ್ಕೆ ಮತ್ತೆ ಬಾಡಿಗೆ ಕೊಡಬೇಕು. ಕೊಳ್ಳುವವನಿಗೆ ಇದು ಗೊತ್ತು, ಅದಕ್ಕೇ ಅವನು ಕಾಯುತ್ತಾನೆ. ಬೆಳೆದವನಿಗೆ ಕಾಯಲು ಆಗುವುದಿಲ್ಲ.

2. ನನ್ನ ಕಣ್ಣೆದುರು ನಡೆದದ್ದು

1995ರ ಆಯುಧಪೂಜೆ ವಾರ. ನಾನು ಏಳನೇ ಕ್ಲಾಸು. ಅಪ್ಪನ ಜೊತೆ ಮೂರು ಮೂಟೆ ಸೇವಂತಿಗೆ ಹಾಕಿಕೊಂಡು ರಾತ್ರಿಯೇ ಲಾರಿ ಹತ್ತಿ ಪೇಟೆಗೆ ಹೋದೆ. ಬೆಳಗಿನ ಜಾವ ಒಂದು ಮಂಡಿಯಲ್ಲಿ ಹರಾಜಾಯಿತು. ಕೆ.ಜಿ.ಗೆ 12 ರೂಪಾಯಿ. ಮೂಟೆ ತೂಗುವಾಗ ನಾನು ಸುಮ್ಮನೆ ಬೆಂಕಿಪೊಟ್ಟಣದ ಮೇಲೆ ಬರೆದುಕೊಂಡೆ: 28, 31, 27.

ಆಮೇಲೆ ಒಂದು ಬಿಳಿ ಚೀಟಿ ಕೊಟ್ಟರು. ಅದರಲ್ಲಿ ಒಟ್ಟು ತೂಕ 76 ಎಂದಿತ್ತು. ಅಪ್ಪನಿಗೆ ಓದು ಬರದು. "ಅವರು ಬರದಂಗೆ ಈಸ್ಕಳದು ಕಣ್ ಮಗ, ನಡಿ" ಅಂದರು. ನಾನು ಮತ್ತೆ ಕೂಡಿದೆ. 86 ಬಂತು. ಮೂರು ಸಲ ಕೂಡಿದರೂ 86. ಎದೆ ಡವಡವ ಅನ್ನುತ್ತಿತ್ತು. ಗುಮಾಸ್ತರ ಹತ್ತಿರ ಹೋಗಿ, "ಅಣ್ಣಾ, ವಸಿ ಇನ್ನೊಂದ್ ಸಲ ಕೂಡಿ ನೋಡಿ" ಅಂದೆ. ಅವರು ನನ್ನನ್ನು ನೋಡಿದರು, ಬೆಂಕಿಪೊಟ್ಟಣ ನೋಡಿದರು. "ಕೈತಪ್ಪು ಆಗದೆ" ಎಂದು ತಿದ್ದಿ ಕೊಟ್ಟರು.

ಲೆಕ್ಕ ನೀವೇ ಹಾಕಿ ನೋಡಿ:

76 ಕೆ.ಜಿ.ಗೆ: 912 ರೂಪಾಯಿ. ಕಮಿಷನ್ ನೂರಕ್ಕೆ ಹತ್ತು, 91.20. ಹಮಾಲಿ 15. ಲಾರಿ ಬಾಡಿಗೆ 60. ಕೈಗೆ ಬರುವುದು 745.80.
86 ಕೆ.ಜಿ.ಗೆ: 1,032 ರೂಪಾಯಿ. ಕಮಿಷನ್ 103.20. ಹಮಾಲಿ 15. ಲಾರಿ ಬಾಡಿಗೆ 60. ಕೈಗೆ ಬರುವುದು 853.80.

ವ್ಯತ್ಯಾಸ 108 ರೂಪಾಯಿ. ಆಗ ನಮ್ಮೂರಲ್ಲಿ ಹೂ ಬಿಡಿಸುವ ಹೆಣ್ಣಾಳಿಗೆ ದಿನಕ್ಕೆ 20 ರೂಪಾಯಿ. ಐದು ಆಳಿನ ಕೂಲಿಗಿಂತ ಹೆಚ್ಚು ಹಣ ಒಂದು ಕೂಡುವ ಲೆಕ್ಕದಲ್ಲಿ ಹೋಗುತ್ತಿತ್ತು. ಅದು ನಿಜವಾಗಿ ಕೈತಪ್ಪೋ ಬೇಕಂತಲೋ ನಾನು ಹೇಳಲಾರೆ. ಆದರೆ ಅವತ್ತಿನಿಂದ ಪೇಟೆಗೆ ಹೊರಡುವಾಗಲೆಲ್ಲ ಅಪ್ಪ ಮೊದಲು ಕೇಳುತ್ತಿದ್ದದ್ದು, "ಪೆನ್ನು ಮಡಿಕಂಡ್ಯಾ ಮಗ?"

ಇನ್ನೊಂದು ಮಾತು ತಿಳಿದಿರಲಿ. ಎಪಿಎಂಸಿ ನಿಯಮದಂತೆ ಕಮಿಷನ್ನನ್ನು ಕೊಳ್ಳುವವರಿಂದ ಪಡೆಯಬೇಕು, ರೈತನಿಂದ ಹಿಡಿಯಬಾರದು. ಬಿಳಿ ಚೀಟಿ ಬೇಡ, ಬಿಲ್ ಕೊಡಿ ಎಂದು ಕೇಳುವುದು ರೈತನ ಹಕ್ಕು. ತಕ್ಕಡಿ, ತೂಕದ ಬಟ್ಟುಗಳ ಮೇಲೆ ಸರ್ಕಾರದ ಮುದ್ರೆ ಇದೆಯೇ ಎಂದು ನೋಡುವುದೂ ಹಕ್ಕೇ.

3. ಹಳೇ ಸಾಮಾನಿನ ಪೇಟೆ

ಕೆ.ಆರ್. ಮಾರುಕಟ್ಟೆಯಿಂದ ಸ್ವಲ್ಪ ನಡೆದರೆ ಅವೆನ್ಯೂ ರಸ್ತೆ. ಅಲ್ಲಿ ಹಳೇ ಪುಸ್ತಕ ಸಿಗುತ್ತವೆ. ಪಠ್ಯಪುಸ್ತಕ, ನಿಘಂಟು, ಗಣಿತದ ಗೈಡುಗಳನ್ನು ಕಡಿಮೆ ಬೆಲೆಗೆ ಕೊಂಡು ಓದಿದವರು ಬಹಳ ಮಂದಿ. ಕೊಳ್ಳುವ ಮುಂಚೆ ಹಾಳೆ ಎಲ್ಲ ಇವೆಯೇ, ಯಾವ ವರ್ಷದ ಪಠ್ಯ ಎಂದು ನೋಡಿಕೊಳ್ಳಿ.

ಅದೇ ಸುತ್ತಿನಲ್ಲಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ, ಭಾನುವಾರ ಬೆಳಿಗ್ಗೆ ಸಂಡೇ ಬಜಾರ್ ಕೂಡುತ್ತದೆ. ಸ್ಪ್ಯಾನರು, ಗಡಿಯಾರ, ರೇಡಿಯೊ, ಹಳೇ ನಾಣ್ಯ, ಮುರಿದ ಮಿಕ್ಸಿ, ಎಲ್ಲ ನೆಲದ ಮೇಲೆ ಹರಡಿರುತ್ತವೆ. ಜನ ಇದನ್ನು ಚೋರ್ ಬಜಾರ್ ಎಂದೂ ಕರೆಯುತ್ತಾರೆ. ಹಾಗಂತ ಅಲ್ಲಿ ಕುಳಿತವರೆಲ್ಲ ಕಳ್ಳರಲ್ಲ. ಮನೆಮನೆ ತಿರುಗಿ ಗುಜರಿ ಕೊಂಡು, ರಿಪೇರಿ ಮಾಡಿ ಮಾರುವ ದುಡಿಮೆಗಾರರು ಅವರಲ್ಲಿದ್ದಾರೆ. ನಾವು ಬಿಸಾಡಿದ್ದನ್ನು ಅವರು ಮತ್ತೆ ಬಳಕೆಗೆ ತರುತ್ತಾರೆ. ಆದರೆ ಬಿಲ್ಲಿಲ್ಲದ ಮೊಬೈಲ್ ಮಾತ್ರ ಮುಟ್ಟಬೇಡಿ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಳ್ಳುವುದು ಅಪರಾಧ.

4. ಕೈಕಸುಬಿನ ಪೇಟೆ

1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟಿದರು. ಅಲ್ಲಿಯ ಹಳೆಯ ಬೀದಿಗಳ ಹೆಸರು ಓದಿದರೆ ಸಾಕು, ಯಾರು ಏನು ಮಾಡುತ್ತಿದ್ದರು, ಏನು ಮಾರುತ್ತಿದ್ದರು ಎಂದು ತಿಳಿಯುತ್ತದೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಹೆಸರು ಉಳಿದಿವೆ, ಕಸುಬು ಬಹಳ ಕಡೆ ಉಳಿದಿಲ್ಲ. ಮಡಕೆ ಮಾಡುವುದನ್ನು ನೋಡಬೇಕಾದರೆ ಊರಿನ ಇನ್ನೊಂದು ಕಡೆ ಇರುವ ಪಾಟರಿ ಟೌನಿಗೆ ಹೋಗಬೇಕು.

ಹೋಗುವ ದಾರಿಯಲ್ಲೇ ಚನ್ನಪಟ್ಟಣ ಬರುತ್ತದೆ. ಅಲ್ಲಿ ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ನಾಗಮಂಗಲವೇ ಲೋಹದ ಎರಕಕ್ಕೆ ಹೆಸರಾದದ್ದು. ಎರಕದ ಬಗೆ ಹೀಗೆ: ಮೊದಲು ಮೇಣದಲ್ಲಿ ವಿಗ್ರಹ ಮಾಡುತ್ತಾರೆ. ಅದರ ಮೇಲೆ ಮಣ್ಣು ಮೆತ್ತಿ ಒಣಗಿಸುತ್ತಾರೆ. ಬೆಂಕಿಗಿಟ್ಟಾಗ ಮೇಣ ಕರಗಿ ಹರಿದುಹೋಗುತ್ತದೆ. ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆಯುತ್ತಾರೆ. ಅಚ್ಚು ಒಡೆದುಹೋಗುವುದರಿಂದ ಪ್ರತಿ ವಿಗ್ರಹಕ್ಕೂ ಹೊಸ ಮೇಣ, ಹೊಸ ಅಚ್ಚು, ಹೊಸ ದುಡಿಮೆ. ಕೈಕಸುಬಿನ ಸಾಮಾನು ಕೊಳ್ಳುವಾಗ "ಅರ್ಧಕ್ಕೆ ಕೊಡಿ" ಎಂದು ಚೌಕಾಸಿ ಮಾಡುವ ಮೊದಲು ಇದು ನೆನಪಿರಲಿ. ಅಪ್ಪನ ಸೇವಂತಿಗೆಯನ್ನು ಯಾರಾದರೂ ಅರ್ಧಕ್ಕೆ ಕೇಳಿದರೆ ನಿಮಗೆ ಹೇಗಾಗುತ್ತದೆ?

5. ಹೋದಾಗ ಮಾಡಬೇಕಾದ್ದು

ಗುಂಪು ಬಿಟ್ಟು ಹೋಗಬೇಡಿ. ಮೂಟೆ ಹೊತ್ತವರಿಗೆ ಮೊದಲು ದಾರಿ ಬಿಡಿ. ಕೇಳದೆ ಸಾಮಾನು ಮುಟ್ಟಬೇಡಿ. ವ್ಯಾಪಾರದ ಹೊತ್ತಿನಲ್ಲಿ ಪ್ರಶ್ನೆ ಕೇಳಿ ತೊಂದರೆ ಕೊಡಬೇಡಿ, ಬಿಡುವಾದಾಗ "ಅಕ್ಕಾ, ಇದು ಯಾವೂರಿಂದ ಬಂತು?" ಎಂದು ಕೇಳಿ. ಜೇಬಿನಲ್ಲಿ ಸಣ್ಣ ನೋಟ್‌ಬುಕ್ಕು, ಪೆನ್ನು ಇರಲಿ.

ಅಭ್ಯಾಸ

ಅ) ನಿಮ್ಮ ಮೊಳ, ನಿಮ್ಮ ಅವ್ವನ ಮೊಳ ಎಷ್ಟು ಸೆಂಟಿಮೀಟರ್? ಅಳೆದು ಬರೆಯಿರಿ.
ಆ) ಈ ವಾರ ನಿಮ್ಮ ಮನೆಯಿಂದ ಏನೇನು ಮಾರಿದರು? ಚೀಟಿ ಕೊಟ್ಟರೇ? ಅದರ ಲೆಕ್ಕವನ್ನು ನೀವು ಕೂಡಿ ನೋಡಿ.
ಇ) ನಿಮ್ಮೂರಿನಲ್ಲಿ ಹಿಂದೆ ಇದ್ದು ಈಗ ನಿಂತುಹೋದ ಒಂದು ಕಸುಬಿನ ಬಗ್ಗೆ ಅಜ್ಜ ಅಜ್ಜಿಯನ್ನು ಕೇಳಿ ಹತ್ತು ಸಾಲು ಬರೆಯಿರಿ.

ಚೆನ್ನಾಗಿ ಬರೆದವರದು ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ಬರುತ್ತದೆ. ಎರಡನೆಯ ಪ್ರಶ್ನೆಯನ್ನು ಮಾತ್ರ ಯಾರೂ ಬಿಡಬೇಡಿ. ಅದರ ಉತ್ತರವನ್ನು ನನಗೆ ತೋರಿಸುವ ಮೊದಲು ಅಪ್ಪ ಅವ್ವನಿಗೆ ಓದಿ ಹೇಳಿ.

— ನಿಮ್ಮ ಸಮಾಜ ವಿಜ್ಞಾನ ಮೇಷ್ಟ್ರು